ನಾಮದ ಚಿಲುಮೆಗೆ ಹಕ್ಕಿ ನೋಡಲು ಹೋಗುವವರಿಗೆ

ಹತ್ತಕ್ಕೆ ಅಂಗಡಿ ಷಟರ್ ಎತ್ತಬೇಕಾದವನು ನಾನು. ಹಕ್ಕಿಗೆ ಸಿಗುವುದು ಆರರಿಂದ ಒಂಬತ್ತು, ಅಷ್ಟೇ. ಯುಗಾದಿ ಹೊತ್ತಿಗೆ ಅದೇ ಸಾಕು. ಒಂಬತ್ತರ ಬಿಸಿಲಿಗೆ ಹಕ್ಕಿಗಳೂ ನೆರಳು ಸೇರುತ್ತವೆ. ತುಮಕೂರಿನಿಂದ ದೇವರಾಯನದುರ್ಗದ ರಸ್ತೆ ಹಿಡಿದು, ಬೆಳಕು ಹರಿಯುವಾಗ ಅಲ್ಲಿರಿ.

ಬೈನಾಕ್ಯುಲರ್ 8 ಪಟ್ಟಿನದು, 42 ಮಿಲಿಮೀಟರ್ ಗಾಜಿನದು ಕೊಳ್ಳಿ. ದೊಡ್ಡದಾಗಿ ಕಾಣಲಿ ಅಂತ 12 ಪಟ್ಟಿನದು ತಂದು, ಕೈ ನಡುಗಿ ಒಂದು ಬೇಸಿಗೆಯನ್ನೇ ಹಾಳು ಮಾಡಿಕೊಂಡವನು ನಾನು.

ಅಲೆಯಬೇಡಿ. ಹೂ ಬಿಟ್ಟ ಮುತ್ತುಗವೋ ಹಣ್ಣು ಬಿಟ್ಟ ಆಲವೋ ಸಿಕ್ಕರೆ ಹದಿನೈದು ಹೆಜ್ಜೆ ಆಚೆ ಕೂತುಬಿಡಿ. ಮೊದಲ ಹತ್ತು ನಿಮಿಷ ಏನೂ ಕಾಣದು. ಆಮೇಲೆ ಸೂರಕ್ಕಿ ಬಂದು ಮುತ್ತುಗದ ಹೂವಿಗೆ ಕೊಕ್ಕು ತೂರಿಸುತ್ತದೆ, ಮೈನಾ ಜಗಳ ತೆಗೆಯುತ್ತದೆ. ಎಲ್ಲೋ 'ಟುಕ್, ಟುಕ್' ಅಂತ ಕಂಚುಗಾರ ಹಕ್ಕಿ ಬಡಿಯುತ್ತಿರುತ್ತದೆ. ಸದ್ದು ಎಡಕ್ಕೆ ಕೇಳಿತು ಅಂದುಕೊಂಡರೆ ಬಲಕ್ಕೆ. ಕೂಗುವಾಗ ಅದು ತಲೆಯನ್ನು ಅತ್ತಿತ್ತ ತಿರುಗಿಸುವುದೇ ಕಾರಣ. ಸದ್ದಿನ ಬೆನ್ನು ಹತ್ತದೆ ಒಣ ರೆಂಬೆಗಳ ತುದಿ ನೋಡಿ. ಗುಬ್ಬಿಗಿಂತ ತುಸು ದಪ್ಪ ಹಸಿರು ಉಂಡೆ, ಹಣೆಯಲ್ಲಿ ಕುಂಕುಮ.

ದುರ್ಗದ ಬಂಡೆಗಳ ಕಡೆ ಹೋದರೆ ಹುಡುಕಬೇಕಾದ್ದು ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಜುಟ್ಟಿಲ್ಲ, ತಲೆ-ಕೊರಳು ಹಳದಿ, ಬಾಲದ ತುದಿ ಮಾಸಲು ಬಿಳುಪು. ಬಿಳಿಹುಬ್ಬಿನ ಪಿಕಳಾರವೂ ಅದೇ ಪೊದೆಗಳಲ್ಲಿರುತ್ತದೆ; ಮೊದಲು ಹುಬ್ಬು ನೋಡಿ, ಆಮೇಲೆ ಖುಷಿಪಡಿ.

ಫೋನಿನಲ್ಲಿ ಕೂಗು ಹಾಕಿ ಕರೆಯುವ ಚಾಳಿ ಬೇಡ. ನಾನೊಮ್ಮೆ ಹಾಕಿದ್ದೆ. ಬಾಯಲ್ಲಿ ಹುಳ ಕಚ್ಚಿಕೊಂಡಿದ್ದ ಹಕ್ಕಿ ಅದನ್ನು ಬೀಳಿಸಿ, ಐದು ನಿಮಿಷ ನನ್ನ ತಲೆಯ ಸುತ್ತ ಸುತ್ತಿತು. ಆ ಹುಳ ಯಾವ ಮರಿಗೆ ಹೋಗುತ್ತಿತ್ತೋ!

ರಸ್ತೆ ಬಿಟ್ಟು ಪೊದೆಯೊಳಗೆ ನುಗ್ಗಬೇಡಿ. ಚಿರತೆ, ಕರಡಿ ಇರುವ ಕಾಡು. ಬಾಳೆಹಣ್ಣು ಕೈಯಲ್ಲಿ ಹಿಡಿಯಬೇಡಿ. ಕೋತಿಗಳಿಗೆ ನಿಮ್ಮ ಬೈನಾಕ್ಯುಲರ್ ಬೇಡ, ಹಣ್ಣು ಬೇಕು, ಆದರೆ ಎರಡನ್ನೂ ಎಳೆಯುತ್ತವೆ.

ಕಂಡದ್ದನ್ನು ಅಲ್ಲೇ ಬರೆದುಕೊಳ್ಳಿ. ನಾನು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಬರೆದೆ. ಆ ಪುಟದಲ್ಲಿ ಚಟ್ನಿ ಬಿದ್ದ ಜಾಗದಲ್ಲಿರುವುದು 'ಹಳದಿ ಕೊರಳು' ಅಂತಲೋ 'ಬಿಳಿಹುಬ್ಬು' ಅಂತಲೋ, ಇವತ್ತಿಗೂ ಓದಲಾಗುತ್ತಿಲ್ಲ.