ಕಿಟ್ ಇಲ್ಲದೆ ಆಸ್ಟ್ರೋಸೈಟ್ ಲ್ಯಾಕ್ಟೇಟ್ ಅಳೆದೆ: ನನ್ನ ಅನುಭವ

ಸೆಲ್ ಇಂಧನ ಬಳಸುವ ವೇಗ ಅಳೆಯುವ ಸೀಹಾರ್ಸ್ ಮಷೀನ್ ಇಲ್ಲದೆ ಆಸ್ಟ್ರೋಸೈಟ್ (ನ್ಯೂರಾನ್‌ಗಳಿಗೆ ಆಸರೆಯಾಗುವ ಮಿದುಳಿನ ಸೆಲ್) ಮೆಟಬಾಲಿಸಂಗೆ ಕೈ ಹಾಕಬೇಡ ಎಂದವರು ಒಬ್ಬಿಬ್ಬರಲ್ಲ. ಅದರ ಕೋಟೇಶನ್ ನೋಡಿದ ಮೇಲೆ ನಮ್ಮ ವಿಭಾಗದಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಈಗ ಹಳೇ ಪ್ಲೇಟ್ ರೀಡರ್‌ನಲ್ಲೇ ತೆಗೆದ ಗ್ರಾಫ್ ನನ್ನ ಹತ್ತಿರ ಇದೆ. ನ್ಯೂರಾನ್‌ಗಳು ಸಂದೇಶಕ್ಕೆ ಬಳಸುವ ಗ್ಲುಟಮೇಟ್ ಕೊಟ್ಟರೆ ಲ್ಯಾಕ್ಟೇಟ್ (ಗ್ಲೂಕೋಸ್ ಒಡೆದಾಗ ಬರುವ ವಸ್ತು) ಏರುತ್ತದೆ, ಸೆಲ್‌ನ ಸೋಡಿಯಂ ಪಂಪ್ ತಡೆಯುವ ಊಬೇನ್ ಹಾಕಿದರೆ ಏರಿಕೆ ನಿಲ್ಲುತ್ತದೆ. 1994ರಲ್ಲಿ ವಿಜ್ಞಾನಿಗಳಾದ ಪೆಲ್ಲೆರಿನ್ ಮತ್ತು ಮ್ಯಾಜಿಸ್ಟ್ರೆಟ್ಟಿ ತೋರಿಸಿದ್ದು ಇದನ್ನೇ. ಆಮೇಲೆ ಕೆಲವು ಲ್ಯಾಬ್‌ಗಳಿಗೆ ಅದು ಸಿಗಲಿಲ್ಲ, ಜಗಳ ಇನ್ನೂ ಮುಗಿದಿಲ್ಲ. ನನಗೂ ಸುಮಾರು ಒಂದು ವರ್ಷ ಸಿಗಲಿಲ್ಲ.

ಕಲ್ಚರ್ ಎಲ್ಲರೂ ಮಾಡುವುದೇ: ಮರಿ ಇಲಿಯ ಕಾರ್ಟೆಕ್ಸ್, ಟಿ-75 ಫ್ಲಾಸ್ಕ್, ರಾತ್ರಿಯಿಡೀ ಶೇಕರ್. ಬೇಡದ ಮೈಕ್ರೋಗ್ಲಿಯಾ (ಮಿದುಳಿನ ರಕ್ಷಣಾ ಸೆಲ್) ಹಟ ಹಿಡಿದರೆ ಅವನ್ನು ಕೊಲ್ಲಲು ಲ್ಯೂಸಿನ್ ಮೀಥೈಲ್ ಎಸ್ಟರ್.

ದುಡ್ಡು ಹೋಗಿದ್ದು ಲ್ಯಾಕ್ಟೇಟ್ ಅಳೆಯುವ ರೆಡಿಮೇಡ್ ಕಿಟ್‌ಗೆ. ನೂರು ವೆಲ್‌ಗೆ (ಪ್ಲೇಟ್‌ನ ಗುಳಿ) ನಲವತ್ತು ಸಾವಿರದ ಹತ್ತಿರ. ಎರಡು ಕಿಟ್ ಮುಗಿದರೂ ಕಂಟ್ರೋಲ್, ಗ್ಲುಟಮೇಟ್ ಎರಡೂ ಒಂದೇ ಎತ್ತರ. ಮಾರಿದವರನ್ನು ಕೇಳಿದರೆ ನಿಮ್ಮ ಸೆಲ್ ಸರಿಯಿಲ್ಲ ಎಂದರು. ಡಬ್ಬದಲ್ಲಿ ಐಸ್ ಕರಗಿ ನೀರಾಗಿ ಬಂದಿತ್ತು, ಅದರ ಮಾತೇ ಇಲ್ಲ.

ತೊಂದರೆ ಇದ್ದದ್ದು ಮೀಡಿಯಾದಲ್ಲಿ, ಅಂದರೆ ಸೆಲ್ ಬೆಳೆಸುವ ದ್ರವದಲ್ಲಿ. ನಾನು ಬಳಸುತ್ತಿದ್ದ ಹೈ ಗ್ಲೂಕೋಸ್ ಡಿಎಂಇಎಂ ಅಂದರೆ 25 ಮಿಲಿಮೋಲಾರ್ ಗ್ಲೂಕೋಸ್. ಮಿದುಳಿನಲ್ಲಿ ಸೆಲ್‌ಗಳ ಸುತ್ತ ಇರುವುದು ಒಂದೆರಡು. ಅಷ್ಟು ಸಕ್ಕರೆಯಲ್ಲಿ ಬೆಳೆದ ಆಸ್ಟ್ರೋಸೈಟ್ ಸುಮ್ನೆ ಕೂತರೂ ಲ್ಯಾಕ್ಟೇಟ್ ಸುರಿಸುತ್ತದೆ. ಜೊತೆಗೆ ಮೀಡಿಯಾಗೆ ಬೆರೆಸುವ ಸೀರಮ್‌ನಲ್ಲೇ ಲ್ಯಾಕ್ಟೇಟ್ ಇರುತ್ತದೆ. ಮದುವೆ ಮನೆ ವಾಲಗದ ನಡುವೆ ಪಿಸುಮಾತು ಕೇಳಿಸಿಕೊಂಡ ಹಾಗೆ ನನ್ನ ಅಳತೆ. ಕಲ್ಚರ್‌ನ ಕೊನೆಯ ಕೆಲವು ದಿನ ಗ್ಲೂಕೋಸ್ 5.5ಕ್ಕೆ ಇಳಿಸಿದೆ. ಪ್ರಯೋಗದ ದಿನ ಸೀರಮ್, ಫೀನಾಲ್ ರೆಡ್ ಬಣ್ಣ ಎರಡೂ ಬಿಟ್ಟು, ಚೆನ್ನಾಗಿ ತೊಳೆದು, 2 ಮಿಲಿಮೋಲಾರ್ ಗ್ಲೂಕೋಸಿನ ಬಫರ್ ಕೊಟ್ಟೆ.

ಕಿಟ್ ಬದಲು ಹಳೇ ಬಯೋಕೆಮಿಸ್ಟ್ರಿ ವಿಧಾನ: ಲ್ಯಾಕ್ಟೇಟ್ ಮೇಲೆ ಕೆಲಸ ಮಾಡುವ ಎಲ್‌ಡಿಎಚ್ ಕಿಣ್ವ, ಅದಕ್ಕೆ ಜೊತೆಯಾಗುವ ಎನ್‌ಎಡಿ, ಗ್ಲೈಸಿನ್-ಹೈಡ್ರಜೀನ್ ಬಫರ್, 340 ನ್ಯಾನೋಮೀಟರ್ ಬೆಳಕಿನಲ್ಲಿ ಅಳತೆ. ವೆಲ್‌ಗೆ ಐದಾರು ರೂಪಾಯಿ ಬಿದ್ದಿರಬಹುದು. ಸ್ಯಾಂಪಲ್‌ಗೆ ಪರ್ಕ್ಲೋರಿಕ್ ಆಸಿಡ್ ಹಾಕಿ ಪ್ರೋಟೀನ್ ತೆಗೆಯಿರಿ. ಆಮೇಲೆ ಐಸ್ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ತಳಕ್ಕೆ ಬಿಳಿ ಗಷ್ಟು ಕೂರುತ್ತದೆ, ಮೇಲಿನದು ಸಾಕು. ಹೈಡ್ರಜೀನ್ ವಿಷ, ಹುಡ್ ಬಿಟ್ಟು ಹೊರಗೆ ತೆರೆಯಬೇಡಿ.

ಇಷ್ಟಾದರೂ ಏರಿಕೆ ಸಣ್ಣದೇ. ಸರಿಯಾಗಿ ಬಂದದ್ದು ಡೈಬ್ಯೂಟಿರೈಲ್ ಸಿಎಎಂಪಿ (ಸೆಲ್ ಒಳಗೆ ಸಂಕೇತ ಸಾಗಿಸುವ ಅಣುವಿನ ನಕಲು) ಕೊಟ್ಟ ಮೇಲೆ. ಸೆಲ್ ಚಪ್ಪಟೆ ಬಿಟ್ಟು ಕೈಕಾಲು ಚಾಚುತ್ತವೆ, ಗ್ಲುಟಮೇಟ್ ಒಳಗೆಳೆಯುವ ಟ್ರಾನ್ಸ್‌ಪೋರ್ಟರ್ ಜಾಸ್ತಿಯಾಗುತ್ತದೆ. ಎಷ್ಟು, ಯಾವ ದಿನದಿಂದ ಅನ್ನುವುದನ್ನು ಸದ್ಯಕ್ಕೆ ಹೇಳಲ್ಲ, ಪೇಪರ್ ಹೊರಗೆ ಬರಲಿ. 200 ಮೈಕ್ರೋಮೋಲಾರ್ ಗ್ಲುಟಮೇಟ್‌ಗೆ ಒಂದು ಗಂಟೆಯಲ್ಲಿ ಲ್ಯಾಕ್ಟೇಟ್ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಬೇಡ ಬೇಡ ಎಂದವರೇ ಈಗ ಪ್ರೋಟೋಕಾಲ್ ಕೇಳುತ್ತಿದ್ದಾರೆ!

ಊಬೇನ್ ವಿಷಯದಲ್ಲಿ ಒಂದು ಮಾತು. ಇಲಿಯ ಸೋಡಿಯಂ ಪಂಪ್‌ನ ಆಲ್ಫಾ-1 ಬಗೆ ಅದಕ್ಕೆ ಸುಲಭವಾಗಿ ಬಗ್ಗಲ್ಲ, ಮಿಲಿಮೋಲಾರ್ ಮಟ್ಟಕ್ಕೆ ಹೋಗಬೇಕು. ಆ ಟ್ರಾನ್ಸ್‌ಪೋರ್ಟರನ್ನೇ ತಡೆಯುವ ಟಿಬಿಒಎ ಹಾಕಿದರೂ ಏರಿಕೆ ನಿಲ್ಲುತ್ತದೆ, ಆದರೆ ಬೆಲೆ ವಿಪರೀತ.

ಇದರ ನಡುವೆ ಡಿ-ಆಸ್ಪಾರ್ಟೇಟ್ ಕೂಡ ಹಾಕಿ ನೋಡಿದೆ. ಗ್ಲುಟಮೇಟ್ ಒಳಗೆ ಹೋಗಿ ತಾನೇ ಇಂಧನವಾಗಿ ಉರಿಯಬಹುದು, ಲೆಕ್ಕ ಕೆಡುತ್ತದೆ. ಡಿ-ಆಸ್ಪಾರ್ಟೇಟ್ ಅದೇ ಬಾಗಿಲಿಂದ ಸೋಡಿಯಂ ಎಳೆದುಕೊಂಡು ಹೋಗುತ್ತದೆ, ಉರಿಯುವುದಿಲ್ಲ. ಅದಕ್ಕೂ ಲ್ಯಾಕ್ಟೇಟ್ ಏರಿತು. ನನ್ನ ಮಟ್ಟಿಗೆ ಇದೇ ಗಟ್ಟಿ ಸಾಕ್ಷಿ: ಸೋಡಿಯಂ ಹೊರಹಾಕಲು ಪಂಪ್‌ಗೆ ಎಟಿಪಿ, ಅಂದರೆ ಶಕ್ತಿ ಬೇಕು, ಅದಕ್ಕೇ ಗ್ಲೂಕೋಸ್ ಒಡೆಯುತ್ತದೆ. ನಾರ್‌ಅಡ್ರಿನಲಿನ್ ಕೊಟ್ಟು ಸೆಲ್ ಕೂಡಿಟ್ಟ ಸಕ್ಕರೆ, ಗ್ಲೈಕೋಜನ್ ಖಾಲಿ ಮಾಡಿಸಿಯೂ ನೋಡಿದೆ. ಮೊದಲ ಕೆಲವು ನಿಮಿಷದಲ್ಲೇ ಲ್ಯಾಕ್ಟೇಟ್ ಜಿಗಿಯುತ್ತದೆ, ತಡವಾಗಿ ಸ್ಯಾಂಪಲ್ ತೆಗೆದರೆ ಕಾಣಿಸಲ್ಲ.

ಇಷ್ಟೆಲ್ಲ ಒದ್ದಾಟ ಅಲ್ಝೈಮರ್‌ಗಾಗಿ. 2024ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಸ್ಟ್ಯಾನ್‌ಫರ್ಡ್‌ನವರ ಕೆಲಸ ಬಂತು ಅಲ್ವಾ? ಐಡಿಒ1 ಕಿಣ್ವ ತಡೆದರೆ ಆಸ್ಟ್ರೋಸೈಟ್ ಮತ್ತೆ ನ್ಯೂರಾನ್‌ಗೆ ಲ್ಯಾಕ್ಟೇಟ್ ಕೊಡುತ್ತದೆ, ರೋಗದ ಇಲಿಗಳ ನೆನಪಿನ ಶಕ್ತಿ ಸುಧಾರಿಸುತ್ತದೆ ಎಂದು. ಅದನ್ನು ನನ್ನ ಅಗ್ಗದ ವಿಧಾನದಲ್ಲಿ ನೋಡಬೇಕು ಎಂದಿದ್ದೇನೆ. ಆದರೆ ಅಮೈಲಾಯ್ಡ್ ಒಲಿಗೊಮರ್ (ಅಲ್ಝೈಮರ್‌ಗೆ ಸಂಬಂಧಿಸಿದ ಪ್ರೋಟೀನ್‌ನ ಸಣ್ಣ ಗುಂಪು) ಒಂದು ಬ್ಯಾಚ್ ಇದ್ದ ಹಾಗೆ ಇನ್ನೊಂದು ಬರುತ್ತಿಲ್ಲ. ಯಾರಿಗಾದರೂ ಅದು ಸರಿಯಾಗಿ ಕೂತಿದ್ದರೆ ಹೇಳಿ. ಬದಲಿಗೆ ಸಿಎಎಂಪಿ ಲೆಕ್ಕ ಕೊಡುತ್ತೇನೆ.