ಜಿಗಿಯದೆ ಎದೆಬಡಿತ ಏರಿಸುವುದು: ಫ್ಲ್ಯಾಟಿನ ಹಾಲ್‌ನಲ್ಲಿ ನನ್ನ ಕಾರ್ಡಿಯೊ ಕ್ರಮ

ಮನೆಯಲ್ಲಿ ಕಾರ್ಡಿಯೊ ಎಂದ ಕೂಡಲೇ ಹೆಚ್ಚಿನವರು ಜಿಗಿಯಲು ಶುರುಮಾಡುತ್ತಾರೆ. ಜಂಪಿಂಗ್ ಜ್ಯಾಕ್, ಬರ್ಪಿ, ಸ್ಕಿಪ್ಪಿಂಗ್. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಹುರುಪಿನಿಂದ ಆರಂಭವಾದ ವ್ಯಾಯಾಮ ಹದಿನೈದು ದಿನದಲ್ಲಿ ನಿಂತುಹೋಗಲು ಇದೇ ಮುಖ್ಯ ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಮೀನಖಂಡ ಹಿಡಿದುಕೊಳ್ಳುತ್ತದೆ, ಆಮೇಲೆ ಮಂಡಿ ನೋಯುತ್ತದೆ, ಅಷ್ಟರಲ್ಲಿ ಕೆಳಗಿನ ಮನೆಯವರು ಬಂದು ಬೆಲ್ ಒತ್ತಿರುತ್ತಾರೆ. ಹೃದಯಕ್ಕೆ ಸಾಕಷ್ಟು ಕೆಲಸ ಕೊಡಲು ಜಿಗಿತ ಬೇಕಿಲ್ಲ. ಯಾವಾಗಲೂ ಒಂದು ಪಾದ ನೆಲದ ಮೇಲಿರಬೇಕು, ಆರು ಇಂಚು ಎತ್ತರದ ಒಂದು ಮೆಟ್ಟಿಲಿರಬೇಕು, ಉಸಿರಿನ ಮೇಲೆ ಗಮನವಿರಬೇಕು. ನನ್ನ ಇಡೀ ಕ್ರಮ ನಿಂತಿರುವುದು ಈ ಮೂರರ ಮೇಲೆ.

ಶುರು ಮಾಡುವ ಮುನ್ನ

ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ತೀರಿಕೊಂಡ ಮೇಲೆ ಜಯದೇವ ಆಸ್ಪತ್ರೆಯಲ್ಲಿ ಹೃದಯ ತಪಾಸಣೆಗೆ ಬರುವವರ ಸಾಲು ಬೆಳೆಯಿತು. ವ್ಯಾಯಾಮವೇ ಅಪಾಯ ಎಂಬ ಭಯವೂ ಊರಲ್ಲಿ ಹರಡಿತು. ತಪಾಸಣೆ ಒಳ್ಳೆಯದೇ, ಆದರೆ ಆ ಭಯಕ್ಕೆ ಅರ್ಧ ಆಧಾರ ಮಾತ್ರ ಇದೆ. ಅಭ್ಯಾಸವೇ ಇಲ್ಲದವರು ಒಮ್ಮೆಲೇ ಏದುಸಿರು ಬಿಡುವಷ್ಟು ಶ್ರಮಪಟ್ಟರೆ ಆ ಹೊತ್ತಿನಲ್ಲಿ ಹೃದಯಾಘಾತದ ಸಾಧ್ಯತೆ ಏರುವುದು ನಿಜ. ನಿಯಮಿತವಾಗಿ ಮಾಡುವವರಲ್ಲಿ ಆ ಏರಿಕೆ ತೀರಾ ಕಡಿಮೆ. ಹಾಗಾಗಿ ಮೊದಲ ಆರು ವಾರ ನಿಧಾನವಾಗಿ ಹೋಗುವುದೇ ದೊಡ್ಡ ರಕ್ಷಣೆ.

ಸಕ್ಕರೆ ಕಾಯಿಲೆ, ಬಿಪಿ, ಹಿಂದೆ ಸ್ಟೆಂಟ್ ಹಾಕಿಸಿಕೊಂಡಿರುವುದು, ಮೆಟ್ಟಿಲು ಹತ್ತಿದಾಗ ಎದೆ ಬಿಗಿಯುವುದು, ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾದ ತಂದೆ, ತಾಯಿ ಅಥವಾ ಒಡಹುಟ್ಟಿದವರು: ಇವುಗಳಲ್ಲಿ ಒಂದಿದ್ದರೂ ಮೊದಲು ವೈದ್ಯರನ್ನು ಕಾಣಬೇಕು. ಮನೆಯಲ್ಲಿ ಬಿಪಿ ಯಂತ್ರವಿದ್ದು ಅದು ಕೂತಾಗಲೇ 180/110 ಮುಟ್ಟುತ್ತಿದ್ದರೆ ಆ ದಿನ ವ್ಯಾಯಾಮ ಬಿಟ್ಟು ವೈದ್ಯರಿಗೆ ಫೋನ್ ಮಾಡುವುದು ಸರಿ. ವ್ಯಾಯಾಮದ ನಡುವೆ ಎದೆಯ ಮೇಲೆ ಭಾರ ಇಟ್ಟಂತಾದರೆ, ನೋವು ದವಡೆಗೆ ಅಥವಾ ಎಡಗೈಗೆ ಹರಿದರೆ, ತಣ್ಣನೆಯ ಬೆವರು ಬಂದರೆ, ಕಣ್ಣು ಕತ್ತಲೆ ಬಂದರೆ ಅಲ್ಲೇ ನಿಲ್ಲಿಸಿ ಕೂರಬೇಕು. ಗ್ಯಾಸ್ ಇರಬಹುದು ಎಂದು ಸೋಡಾ ಕುಡಿದು ಕಾಯುವುದು ಬೇಡ. 108ಕ್ಕೆ ಕರೆ ಮಾಡಿ.

ಜಾಗ, ಶೂ, ಮೆಟ್ಟಿಲು

ಟೀಪಾಯಿ ಸರಿಸಿದರೆ ಸಿಗುವ ಆರು ಅಡಿ ಉದ್ದ, ಆರು ಅಡಿ ಅಗಲದ ಜಾಗ ಸಾಕು. ವಿಟ್ರಿಫೈಡ್ ಟೈಲ್ಸ್ ಮೇಲೆ ಬೆವರು ಬಿದ್ದರೆ ಕಾಲು ಜಾರುತ್ತದೆ, ಆಗತಾನೆ ನೆಲ ಒರೆಸಿದ್ದರೆ ಇನ್ನೂ ಅಪಾಯ. ಫ್ಯಾನ್ ಓಡುತ್ತಿರಲಿ, ಎದುರುಬದುರು ಕಿಟಕಿಗಳು ತೆರೆದಿರಲಿ. ಬೆವರು ಆರಿದರೆ ಮಾತ್ರ ಮೈ ತಣಿಯುವುದು. ಮುಚ್ಚಿದ ಕೋಣೆಯಲ್ಲಿ ಅದೇ ಕೆಲಸಕ್ಕೆ ಎದೆಬಡಿತ ಹೆಚ್ಚು ಏರುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಈ ಊರಿನ ಬೆಳಗಿನ ತಂಪು ದೊಡ್ಡ ಅನುಕೂಲ, ಆದರೆ ಏಪ್ರಿಲ್ ಸಂಜೆಗಳಲ್ಲಿ ಅದನ್ನು ನಂಬುವಂತಿಲ್ಲ.

ನಮ್ಮ ಮನೆಗಳಲ್ಲಿ ಚಪ್ಪಲಿ, ಶೂ ಬಾಗಿಲಾಚೆ ಬಿಡುವುದು ರೂಢಿ, ಹಾಗಾಗಿ ಬಹಳ ಜನ ಬರಿಗಾಲಲ್ಲೇ ಶುರು ಮಾಡುತ್ತಾರೆ. ಗಟ್ಟಿ ಟೈಲ್ಸ್ ಮೇಲೆ ದಿನಾ ಬರಿಗಾಲಲ್ಲಿ ಹೆಜ್ಜೆ ಬಡಿದರೆ ಕೆಲವು ವಾರಗಳಲ್ಲಿ ಹಿಮ್ಮಡಿ ನೋವು ಬರುವುದು ಸಾಮಾನ್ಯ. ಬೆಳಿಗ್ಗೆ ಹಾಸಿಗೆಯಿಂದ ಇಳಿದಾಗ ಮೊದಲ ಹೆಜ್ಜೆಗೇ ಚುಚ್ಚಿದಂತಾಗುತ್ತದೆ. ಹೊರಗೆ ಒಮ್ಮೆಯೂ ಬಳಸದ ಒಂದು ಜೊತೆ ಶೂ ಮನೆಯೊಳಗೇ ಇಟ್ಟುಕೊಳ್ಳಿ. ಓಟದ ಶೂಗಳ ಹಿಮ್ಮಡಿ ದಪ್ಪ ಮತ್ತು ಮೆತ್ತಗೆ, ಪಕ್ಕಕ್ಕೆ ಹೆಜ್ಜೆ ಇಟ್ಟಾಗ ಪಾದ ಹೊರಳುತ್ತದೆ. ಬ್ಯಾಡ್ಮಿಂಟನ್ ಆಡುವವರ ಚಪ್ಪಟೆ ತಳದ ಶೂ ಈ ಕೆಲಸಕ್ಕೆ ಹೆಚ್ಚು ಒಪ್ಪುತ್ತದೆ. ಇನ್ನೊಂದು ಮಾತು, ನೈಟಿ ಅಥವಾ ಸೀರೆಯಲ್ಲಿ ಮೆಟ್ಟಿಲ ವ್ಯಾಯಾಮ ಮಾಡಲೇಬೇಡಿ. ಹಿಂದಕ್ಕೆ ಇಳಿಯುವಾಗ ಅಂಚು ಕಾಲಿಗೆ ಸಿಕ್ಕಿಕೊಳ್ಳುತ್ತದೆ.

ಮೆಟ್ಟಿಲಿಗೆ ಅಂಗಡಿಯ ಏರೋಬಿಕ್ ಸ್ಟೆಪ್ಪರ್ ತರಬಹುದು. ಬಡಗಿಯಿಂದ ಮಾಡಿಸುವುದಾದರೆ ನಾನು ಹೇಳುವ ಅಳತೆ ಇದು: 18 ಎಂ.ಎಂ. ಪ್ಲೈವುಡ್, ಉದ್ದ 30 ಇಂಚು, ಅಗಲ 15 ಇಂಚು, ಎತ್ತರ 6 ಇಂಚು. ಒಳಗೆ ನಡುವೆ ಒಂದು ಅಡ್ಡಪಟ್ಟಿ ಇರಲೇಬೇಕು, ಇಲ್ಲದಿದ್ದರೆ ಮೇಲ್ಹಲಗೆ ಬಾಗಿ ಬಾಗಿ ಸ್ಕ್ರೂ ಸಡಿಲವಾಗುತ್ತವೆ. ಮೇಲೆ ಗೆರೆಗಳಿರುವ ರಬ್ಬರ್ ಹಾಳೆ ಅಂಟಿಸಿ, ಕೆಳಗೆ ನಾಲ್ಕೂ ಮೂಲೆಗೆ ರಬ್ಬರ್ ಗುಂಡಿ ಹಾಕಿಸಿ. ಗೋಡೆಯಿಂದ ಒಂದು ಕೈ ಅಂತರದಲ್ಲಿಟ್ಟರೆ ತೋಲ ತಪ್ಪಿದಾಗ ಕೈಯೂರಲು ಆಸರೆ ಸಿಗುತ್ತದೆ. ಪ್ಲಾಸ್ಟಿಕ್ ಸ್ಟೂಲ್ ಯಾವ ಕಾರಣಕ್ಕೂ ಬೇಡ. ಅಂಚಿನ ಮೇಲೆ ಭಾರ ಬಿದ್ದರೆ ಮಗುಚುತ್ತದೆ.

ಎಷ್ಟು ಜೋರು ಸಾಕು

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಅಥವಾ 75ರಿಂದ 150 ನಿಮಿಷ ತೀವ್ರ ಶ್ರಮ. ಒಂದು ಸಲಕ್ಕೆ ಕನಿಷ್ಠ ಹತ್ತು ನಿಮಿಷ ಮಾಡಲೇಬೇಕು ಎಂಬ ಹಳೆಯ ಷರತ್ತು ಇದರಲ್ಲಿಲ್ಲ. ಮಕ್ಕಳನ್ನು ಸ್ಕೂಲ್ ವ್ಯಾನ್ ಹತ್ತಿಸಿ, ಔಟರ್ ರಿಂಗ್ ರೋಡಿನ ಟ್ರಾಫಿಕ್‌ನಲ್ಲಿ ಎರಡು ಗಂಟೆ ಕಳೆಯುವವರಿಗೆ ಇದು ನಿಜಕ್ಕೂ ಸಮಾಧಾನದ ಸಂಗತಿ. ಬೆಳಿಗ್ಗೆ 15, ಸಂಜೆ 15 ನಿಮಿಷ ಎಂದು ಒಡೆದುಕೊಂಡರೂ ಲೆಕ್ಕಕ್ಕೆ ಬರುತ್ತದೆ.

ಮಧ್ಯಮ ಶ್ರಮದ ಅಳತೆ ಸರಳ: ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಮೂರ್ನಾಲ್ಕು ಪದಕ್ಕೇ ಉಸಿರು ಕಟ್ಟಿದರೆ ತೀವ್ರಕ್ಕೆ ದಾಟಿದ್ದೀರಿ. ಅಂಕಿ ಬೇಕೆನ್ನುವವರಿಗೆ ನಾಡಿ ಇದೆ. 208ರಿಂದ ವಯಸ್ಸಿನ 0.7 ಪಾಲನ್ನು ಕಳೆದರೆ ಗರಿಷ್ಠ ಎದೆಬಡಿತದ ಅಂದಾಜು ಸಿಗುತ್ತದೆ. 45 ವರ್ಷದವರಿಗೆ ಸುಮಾರು 176. ಅದರಲ್ಲಿ ವಿಶ್ರಾಂತಿಯ ನಾಡಿ, 75 ಎಂದುಕೊಳ್ಳೋಣ, ಕಳೆದರೆ 101. ಅದರ ಶೇ 40ರಿಂದ 60ನ್ನು ಮತ್ತೆ 75ಕ್ಕೆ ಕೂಡಿಸಿದರೆ 115ರಿಂದ 135. ಅವರು ಇರಬೇಕಾದ ಮಟ್ಟ ಅದು. ‘220ರಿಂದ ವಯಸ್ಸು ಕಳೆಯಿರಿ’ ಎಂಬ ಸೂತ್ರ 40ರ ಆಸುಪಾಸಿನಲ್ಲಿ ಇದೇ ಉತ್ತರ ಕೊಡುತ್ತದೆ, 60 ದಾಟಿದವರಿಗೆ ಆರೇಳು ಬಡಿತ ಕಡಿಮೆ ತೋರಿಸುತ್ತದೆ. ಎರಡೂ ಸರಾಸರಿಯ ಅಂದಾಜುಗಳೇ, ಹತ್ತು ಬಡಿತ ಆಚೀಚೆ ಇರುವುದು ಸಹಜ.

ನಾಡಿ ಎಣಿಸುವುದು ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ. ತೋರುಬೆರಳು, ನಡುಬೆರಳು ಇಟ್ಟು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ನಿಂತ ತಕ್ಷಣ ಎಣಿಸಬೇಕು, ಅರ್ಧ ನಿಮಿಷ ತಡವಾದರೂ ಬಡಿತ ಇಳಿದಿರುತ್ತದೆ. ಸ್ಮಾರ್ಟ್‌ವಾಚ್ ಕಟ್ಟುವವರು ಅದನ್ನು ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ, ಬಿಗಿಯಾಗಿ ಕಟ್ಟಬೇಕು. ಸಡಿಲವಿದ್ದರೆ ಕೈ ಬೀಸುವ ಲಯವನ್ನೇ ಎದೆಬಡಿತ ಎಂದು ತೋರಿಸುತ್ತದೆ. ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ತೆಗೆದುಕೊಳ್ಳುವವರು ಈ ಅಂಕಿಗಳನ್ನು ಪೂರ್ತಿ ಮರೆಯಬೇಕು. ಆ ಮಾತ್ರೆಗಳು ಬಡಿತವನ್ನು ಏರಲು ಬಿಡುವುದಿಲ್ಲ, ಅಂಕಿಯ ಬೆನ್ನುಹತ್ತಿದರೆ ಮೈ ಸೋತುಹೋಗುತ್ತದೆ. ಅವರಿಗೆ ಮಾತಿನ ಪರೀಕ್ಷೆಯೇ ಸರಿ.

ಮೂವತ್ತು ನಿಮಿಷ

ಮೊದಲ ಏಳು ನಿಮಿಷ ಮೈ ಬೆಚ್ಚಗಾಗಲು. ನಿಂತಲ್ಲೇ ನಿಧಾನ ಮಾರ್ಚಿಂಗ್ ಎರಡು ನಿಮಿಷ, ಪಕ್ಕಕ್ಕೆ ಹೆಜ್ಜೆ ಇಟ್ಟು ಕಾಲು ಕೂಡಿಸುವುದು ಎರಡು ನಿಮಿಷ, ಭುಜ ತಿರುಗಿಸುವುದು, ಕುರ್ಚಿಯ ಬೆನ್ನು ಹಿಡಿದು ಹತ್ತು ಅರ್ಧ ಬೈಠಕ್, ಕೊನೆಗೆ ಮೆಟ್ಟಿಲಿಗೆ ಮುಂಗಾಲು ತಾಗಿಸಿ ವಾಪಸ್. ಎದ್ದ ಕೂಡಲೇ ಮಾಡುವವರು, ಬಿಪಿ ಇರುವವರು ಇದನ್ನು ಹತ್ತು ನಿಮಿಷ ಮಾಡಲಿ.

ಆಮೇಲಿನ 18 ನಿಮಿಷ ಅಸಲಿ ಕೆಲಸ. ನಾಲ್ಕು ನಿಮಿಷ ಮೆಟ್ಟಿಲು, ಎರಡು ನಿಮಿಷ ನೆಲದ ಮೇಲೆ, ಹೀಗೆ ಮೂರು ಸುತ್ತು. ಮೊಬೈಲ್‌ನಲ್ಲಿ ಒಂದೇ ವೇಗದಲ್ಲಿ ತಾಳ ಬಡಿಯುವ ಮೆಟ್ರೊನೋಮ್ ಆ್ಯಪ್ ಹಾಕಿಕೊಳ್ಳಿ. ಬಲಗಾಲು ಮೇಲೆ, ಎಡಗಾಲು ಮೇಲೆ, ಬಲ ಕೆಳಗೆ, ಎಡ ಕೆಳಗೆ: ನಾಲ್ಕು ತಾಳಕ್ಕೆ ಒಂದು ಆವರ್ತ. ಮೊದಲ ನಾಲ್ಕು ವಾರ ನಿಮಿಷಕ್ಕೆ 80 ತಾಳ, ಅಂದರೆ 20 ಆವರ್ತ. ನಂತರ 96, ಅಂದರೆ 24. ಪ್ರತಿ ನಿಮಿಷಕ್ಕೂ ಮುಂದಿಡುವ ಕಾಲು ಬದಲಾಗಬೇಕು, ಇಲ್ಲದಿದ್ದರೆ ಒಂದೇ ಮಂಡಿಗೆ ಎಲ್ಲ ಭಾರ ಬೀಳುತ್ತದೆ.

ಈ ಅಂಕಿಗಳ ಹಿಂದೆ ಲೆಕ್ಕವಿದೆ. ಸುಮ್ಮನೆ ಕೂತಾಗ ದೇಹ ಬಳಸುವ ಶಕ್ತಿಯನ್ನು 1 ಮೆಟ್ ಎನ್ನುತ್ತಾರೆ, 3ರಿಂದ 6 ಮೆಟ್ ಮಧ್ಯಮ ಶ್ರಮ. ಮೆಟ್ಟಿಲು ಹತ್ತುವುದಕ್ಕೆ ಇರುವ ರೂಢಿಯ ಸೂತ್ರದಲ್ಲಿ ಹಾಕಿದರೆ 6 ಇಂಚಿನ ಮೇಲೆ ನಿಮಿಷಕ್ಕೆ 20 ಆವರ್ತ ಸುಮಾರು 4.2 ಮೆಟ್, 24 ಆವರ್ತ 4.9, 30 ಆವರ್ತ 5.8. ಅದೇ 24 ಆವರ್ತವನ್ನು 8 ಇಂಚಿನ ಮೇಲೆ ಮಾಡಿದರೆ 5.7. ಎತ್ತರ ಎರಡು ಇಂಚು ಏರಿಸಿದಾಗ ಸಿಗುವ ಲಾಭ ವೇಗ ಸ್ವಲ್ಪ ಏರಿಸಿದರೂ ಸಿಗುತ್ತದೆ. ಎತ್ತರ ಏರಿದಷ್ಟೂ ಮಂಡಿ ಹೆಚ್ಚು ಮಡಚಬೇಕು, ಮಂಡಿಚಿಪ್ಪಿನ ಮೇಲೆ ಒತ್ತಡ ಹೆಚ್ಚುತ್ತದೆ. ಹಾಗಾಗಿ 40 ದಾಟಿದವರಿಗೆ ಎತ್ತರ 6ರಲ್ಲೇ ಇರಲಿ, ವೇಗ ಏರಲಿ ಎನ್ನುತ್ತೇನೆ. 30 ಆವರ್ತಕ್ಕಿಂತ ಮುಂದೆ ಹೋಗುವುದು ಬೇಡ, ಅಲ್ಲಿಂದ ಎಡವುವುದು ಶುರು.

60 ಕೆ.ಜಿ. ತೂಕದವರು 4.9 ಮೆಟ್‌ನಲ್ಲಿ 20 ನಿಮಿಷ ಮಾಡಿದರೆ ಕರಗುವುದು ಸುಮಾರು 100 ಕ್ಯಾಲೊರಿ, ಎರಡು ಇಡ್ಲಿಯಷ್ಟು. ಬರೀ ತೂಕ ಇಳಿಸಲು ಇದನ್ನು ಮಾಡುವವರು ನಿರಾಶರಾಗುತ್ತಾರೆ. ಇದರ ನಿಜವಾದ ಫಲ ಬಿಪಿ, ಸಕ್ಕರೆ, ನಿದ್ದೆ ಮತ್ತು ದಮ್ಮಿನಲ್ಲಿ ಕಾಣುತ್ತದೆ.

ಹೆಜ್ಜೆ ಇಡುವ ರೀತಿಯಲ್ಲೇ ಹೆಚ್ಚಿನ ನೋವುಗಳ ಮೂಲವಿದೆ. ಇಡೀ ಪಾದ ಮೆಟ್ಟಿಲ ಮೇಲೆ ಕೂರಬೇಕು. ಹಿಮ್ಮಡಿ ಹೊರಗೆ ತೂಗಾಡಿದರೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಜಗ್ಗುತ್ತದೆ. ಮಂಡಿ ಎರಡನೇ ಕಾಲ್ಬೆರಳ ನೇರಕ್ಕಿರಬೇಕು, ಒಳಕ್ಕೆ ವಾಲುತ್ತಿದ್ದರೆ ಕನ್ನಡಿ ಎದುರು ನಿಂತು ಸರಿಪಡಿಸಿ. ಇಳಿಯುವಾಗ ಒಂದು ಶೂ ಉದ್ದಕ್ಕಿಂತ ಹಿಂದೆ ಹೋಗಬಾರದು, ಮುಂಗಾಲು ಮೊದಲು, ಹಿಮ್ಮಡಿ ಆಮೇಲೆ. ಸದ್ದು ಕೇಳಿಸಿತೆಂದರೆ ಬೀಳುತ್ತಿದ್ದೀರಿ, ಇಳಿಯುತ್ತಿಲ್ಲ. ಮಂಡಿಯ ಮುಂಭಾಗ ನೋಯತೊಡಗಿದರೆ ಎತ್ತರ 4 ಇಂಚಿಗೆ ಇಳಿಸಿ. ಅಲ್ಲೂ ನೋಯುತ್ತಿದ್ದರೆ ಮೆಟ್ಟಿಲು ಬಿಟ್ಟು ಮಾರ್ಚಿಂಗ್.

ನೆಲದ ಮೇಲಿನ ಎರಡು ನಿಮಿಷಗಳಲ್ಲಿ ಮಂಡಿ ಎತ್ತಿ ಮಾರ್ಚಿಂಗ್, ಜಿಗಿತವಿಲ್ಲದ ಜಂಪಿಂಗ್ ಜ್ಯಾಕ್ (ಒಂದು ಕಾಲು ಪಕ್ಕಕ್ಕೆ, ಕೈ ಮೇಲೆ, ವಾಪಸ್), ಗಾಳಿಯಲ್ಲಿ ಬಾಕ್ಸಿಂಗ್, ಯಾವುದಾದರೂ ಆಗಬಹುದು. ಕೈಗಳೇ ಇಲ್ಲಿ ಆಕ್ಸಿಲರೇಟರ್. ಭುಜದ ಮೇಲಕ್ಕೆ ಕೈ ಹೋದಂತೆಲ್ಲ ಬಡಿತ ಏರುತ್ತದೆ. ಉಸಿರು ಮೀರುತ್ತಿದೆ ಎನಿಸಿದರೆ ಮೊದಲು ಕೈ ಇಳಿಸಿ ಸೊಂಟಕ್ಕಿಡಿ, ಕಾಲು ನಿಲ್ಲಿಸಬೇಡಿ.

ಕಾಲು ಒಮ್ಮೆಲೇ ನಿಲ್ಲಿಸಬಾರದು ಎನ್ನುವುದಕ್ಕೆ ಕಾರಣವಿದೆ. ಶ್ರಮದ ಹೊತ್ತಿನಲ್ಲಿ ಕಾಲಿನ ರಕ್ತನಾಳಗಳು ಹಿಗ್ಗಿರುತ್ತವೆ, ಸ್ನಾಯುಗಳು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ಕಳಿಸುತ್ತಿರುತ್ತವೆ. ಥಟ್ಟನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆ ತಿರುಗುತ್ತದೆ. ಆದ್ದರಿಂದ ಕೊನೆಯ ಐದು ನಿಮಿಷ ನಿಧಾನ ಮಾರ್ಚಿಂಗ್, ಬಳಿಕ ಗೋಡೆಗೆ ಕೈಕೊಟ್ಟು ಮೀನಖಂಡವನ್ನು 30 ಸೆಕೆಂಡ್ ಎಳೆದು ಹಿಡಿಯುವುದು. ತಕ್ಷಣ ಬಿಸಿನೀರ ಸ್ನಾನಕ್ಕೆ ಹೋಗಬೇಡಿ, ಅದೂ ರಕ್ತನಾಳ ಹಿಗ್ಗಿಸುತ್ತದೆ. ಹತ್ತು ನಿಮಿಷ ಕಾಯಿರಿ.

ವಾರದ ಲೆಕ್ಕ, ಊಟ, ಮೆಟ್ಟಿಲಸಾಲು

ಮೊದಲ ವಾರ ನಾಲ್ಕು ದಿನ, ದಿನಕ್ಕೆ 15 ನಿಮಿಷ. ಪ್ರತಿ ವಾರ ದಿನಕ್ಕೆ ಐದೈದು ನಿಮಿಷ ಸೇರಿಸಿದರೆ ನಾಲ್ಕನೇ ವಾರಕ್ಕೆ 30 ಮುಟ್ಟುತ್ತದೆ, ಆಮೇಲೆ ಐದನೇ ದಿನ ಸೇರಿಸಿ. ನಿಮಿಷ ಮತ್ತು ವೇಗ ಎರಡನ್ನೂ ಒಂದೇ ವಾರದಲ್ಲಿ ಏರಿಸಬೇಡಿ, ಯಾವುದರಿಂದ ನೋವು ಬಂತು ಎಂದು ಗೊತ್ತಾಗುವುದಿಲ್ಲ. ಎಂಟು ವಾರ ಸರಾಗವಾಗಿ ಕಳೆದವರು ಬೇಕಿದ್ದರೆ ವಾರಕ್ಕೆರಡು ದಿನ, ನಡುವೆ 48 ಗಂಟೆ ಬಿಟ್ಟು, ಒಂದು ನಿಮಿಷ ಜೋರು, ಎರಡು ನಿಮಿಷ ನಿಧಾನ ಎಂದು ಐದು ಸುತ್ತು ಮಾಡಬಹುದು.

ಅಪಾರ್ಟ್‌ಮೆಂಟಿನ ಮೆಟ್ಟಿಲಸಾಲು ಒಳ್ಳೆಯ ಸಾಧನ. ಒಂದು ಮಹಡಿಗೆ ಸುಮಾರು 20 ಮೆಟ್ಟಿಲು. ಹತ್ತುವುದು ದಮ್ಮಿಗೆ ಕೆಲಸ, ಇಳಿಯುವುದು ತೊಡೆಗೆ ಪೆಟ್ಟು, ಎರಡು ದಿನ ನೋಯುವುದು ಇಳಿದದ್ದರಿಂದಲೇ. ಹತ್ತಿ ಹೋಗಿ ಲಿಫ್ಟಿನಲ್ಲಿ ಇಳಿಯಿರಿ. ಟೆರೇಸಿನಲ್ಲಿ ಮಳೆ ನಿಂತ ಮೇಲೆ ಪಾಚಿ ಇರುತ್ತದೆ, ಜೂನ್‌ನಿಂದ ಅಕ್ಟೋಬರ್‌ವರೆಗೆ ಒಳಗೇ ಮಾಡುವುದು ಕ್ಷೇಮ.

ಊಟವಾಗಿ ಎರಡು ಗಂಟೆ, ಮುದ್ದೆ ಉಂಡಿದ್ದರೆ ಮೂರು ಗಂಟೆ ಬಿಡಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಮೊದಲು ಸಕ್ಕರೆ ನೋಡಿಕೊಳ್ಳಬೇಕು. 90ಕ್ಕಿಂತ ಕಡಿಮೆ ಇದ್ದರೆ ಒಂದೆರಡು ಏಲಕ್ಕಿ ಬಾಳೆಹಣ್ಣು ತಿಂದು ಶುರು ಮಾಡಿ. ನಡುವೆ ಕೈ ನಡುಗಿ ಬೆವತರೆ ನಿಲ್ಲಿಸಿ, ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಉಳಿದವರಿಗೆ ನೀರು ಸಾಕು, ಅರ್ಧ ಗಂಟೆಯ ಕೆಲಸಕ್ಕೆ ಎಲೆಕ್ಟ್ರೊಲೈಟ್ ಪುಡಿ ಬೇಕಿಲ್ಲ.

ಪ್ರಗತಿ ತಿಳಿಯಲು ನಾಲ್ಕು ವಾರಕ್ಕೊಮ್ಮೆ ಒಂದು ಪರೀಕ್ಷೆ. ಕಾಫಿಗೆ ಮೊದಲು, ಅದೇ ಹೊತ್ತಿಗೆ, 6 ಇಂಚಿನ ಮೇಲೆ 96 ತಾಳದಲ್ಲಿ ಸರಿಯಾಗಿ ಮೂರು ನಿಮಿಷ. ಕೂತು ಐದು ಸೆಕೆಂಡಿನೊಳಗೆ ಎಣಿಕೆ ಶುರು ಮಾಡಿ, ಪೂರ್ತಿ ಒಂದು ನಿಮಿಷದ ನಾಡಿ ಬರೆದಿಡಿ. ಅಂಕಿ ಇಳಿಯುತ್ತಿದ್ದರೆ ಹೃದಯ ಅದೇ ಕೆಲಸವನ್ನು ಕಡಿಮೆ ಬಡಿತದಲ್ಲಿ ಮಾಡುತ್ತಿದೆ. ಹಾಗೆಯೇ ಬೆಳಿಗ್ಗೆ ಎದ್ದಾಗಿನ ನಾಡಿ ಎಂದಿಗಿಂತ ಎಂಟು ಹತ್ತು ಬಡಿತ ಹೆಚ್ಚಿದ್ದರೆ ನಿದ್ದೆ ಸಾಲದಿರಬಹುದು, ಜ್ವರ ಬರುವುದರಲ್ಲಿರಬಹುದು. ಆ ದಿನ ಮಾರ್ಚಿಂಗ್ ಮಾತ್ರ.

ಜ್ವರವಿದ್ದಾಗ ವ್ಯಾಯಾಮ ಪೂರ್ತಿ ಬಂದ್. ವೈರಲ್ ಜ್ವರ, ಡೆಂಗಿ, ಕೋವಿಡ್ ಯಾವುದೇ ಇರಲಿ, ಹೃದಯದ ಸ್ನಾಯುವಿಗೆ ಉರಿಯೂತ ತಟ್ಟಿರುವ ಸಾಧ್ಯತೆ ಇರುತ್ತದೆ. ಜ್ವರ ಬಿಟ್ಟು, ಮನೆಕೆಲಸ ಸುಸ್ತಿಲ್ಲದೆ ಮಾಡುವಂತಾದ ಮೇಲೆ ಹಿಂದೆ ಮಾಡುತ್ತಿದ್ದ ನಿಮಿಷಗಳ ಅರ್ಧದಷ್ಟು ಹೊತ್ತು, 80 ತಾಳದಿಂದ ಮತ್ತೆ ಶುರು ಮಾಡಿ. ಡೆಂಗಿ ಆಗಿದ್ದರೆ ಪ್ಲೇಟ್‌ಲೆಟ್ ಸಹಜಕ್ಕೆ ಬಂದಿದೆ ಎಂದು ವೈದ್ಯರು ಹೇಳುವವರೆಗೆ ಮೆಟ್ಟಿಲು ಮುಟ್ಟಬೇಡಿ, ಬಿದ್ದು ಪೆಟ್ಟಾದರೆ ರಕ್ತ ನಿಲ್ಲುವುದು ಕಷ್ಟ.