ಮಳೆಗಾಲದಿಂದ ಹಿಂದಕ್ಕೆ ಎಣಿಸಿ ಕರೆದ ಟೆಂಡರ್

ಸರ್ಕಾರಿ ಎಂಜಿನಿಯರ್ ಆಗಿ ಮಲೆನಾಡಿನಲ್ಲಿ ವರ್ಷಗಟ್ಟಲೆ ರಸ್ತೆ ಕೆಲಸ ನೋಡಿಕೊಂಡಿದ್ದೇನೆ. ಕೆಲಸ ಅರ್ಧಕ್ಕೆ ನಿಂತರೆ ಊರಿನವರು ಗುತ್ತಿಗೆದಾರನನ್ನು ಬೈಯುತ್ತಾರೆ. ಆದರೆ ಎಷ್ಟೋ ಕೆಲಸಗಳು ನಿಲ್ಲುವುದು ಟೆಂಡರ್ ಕಾಗದದಲ್ಲೇ ನಿಶ್ಚಯವಾಗಿರುತ್ತದೆ. ಇದು ನನಗೆ ಮನವರಿಕೆಯಾದದ್ದು ಆರು ಕಿಲೋಮೀಟರ್ ಅಗಲೀಕರಣದ ಒಂದು ಕಾಮಗಾರಿಯಲ್ಲಿ.

ಅದರ ಎಸ್ಟಿಮೇಟ್ ಮಾಡಿದ್ದು ನಾನೇ. ಮಣ್ಣು, ಜಲ್ಲಿ, ಡಾಂಬರು, ಮೋರಿ ಎಲ್ಲವನ್ನೂ ಎಸ್ಆರ್ ದರದಲ್ಲಿ, ಅಂದರೆ ಇಲಾಖೆಯ ದರಪಟ್ಟಿಯಂತೆ ಲೆಕ್ಕ ಹಾಕಿ, ಕರೆಂಟ್ ಕಂಬ ಸರಿಸುವುದಕ್ಕೆ ಮಾತ್ರ ಒಂದು ಇಡಿಗಂಟು ಮೊತ್ತ ಇಟ್ಟಿದ್ದೆ. ಮಾರ್ಚ್ 31ರೊಳಗೆ ಅನುದಾನಕ್ಕೆ ದಾರಿ ಮಾಡಬೇಕೆಂಬ ಅವಸರದಲ್ಲಿ ಟೆಂಡರ್ ಕರೆದದ್ದು ಡಿಸೆಂಬರ್ ಕೊನೆಗೆ. ಎರಡು ಕೋಟಿ ದಾಟಿದ ಕೆಲಸಕ್ಕೆ ಸರ್ಕಾರಿ ಖರೀದಿ, ಗುತ್ತಿಗೆಗಳಿಗಿರುವ ರಾಜ್ಯದ ಪಾರದರ್ಶಕತೆ ಕಾಯ್ದೆಯ (ಕೆಟಿಪಿಪಿ) ನಿಯಮದಂತೆ ಬಿಡ್ ಸಲ್ಲಿಸಲು ಆಗ 60 ದಿನ ಕಾಲಾವಕಾಶ ಕೊಡಬೇಕಿತ್ತು. ಅರ್ಹತೆ ನೋಡುವ ತಾಂತ್ರಿಕ ಲಕೋಟೆ, ಆಮೇಲೆ ದರ ಇರುವ ಆರ್ಥಿಕ ಲಕೋಟೆ, ಅನುಮೋದನೆ, ಕರಾರು ಎಲ್ಲ ಮುಗಿದು ಕಾರ್ಯಾದೇಶ ಹೊರಟಾಗ ಏಪ್ರಿಲ್ ಕಳೆಯುತ್ತಿತ್ತು. ರಸ್ತೆ ಅಗೆದರು, ಜೂನ್‌ನಲ್ಲಿ ಮಳೆ ಹಿಡಿಯಿತು. ಶಾಲೆ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ಕೆಸರು ದಾಟುವುದನ್ನು ಆ ನಾಲ್ಕು ತಿಂಗಳು ದಿನವೂ ನೋಡಿದೆ.

ಮಳೆ ಬಿಟ್ಟಮೇಲೂ ಕಂಬಗಳು ಇದ್ದಲ್ಲೇ ಇದ್ದವು. ಇಡಿಗಂಟು ಮೊತ್ತ ಸಾಲಲಿಲ್ಲ, ಪರಿಷ್ಕೃತ ಅಂದಾಜು ಮಂಜೂರಾಗಲು ತಿಂಗಳುಗಳು ಬೇಕಾದವು. ಅಷ್ಟರಲ್ಲಿ ಡಾಂಬರಿನ ದರವೂ ಏರಿತು. ಕರಾರಿನಲ್ಲಿ ದರ ಹೊಂದಾಣಿಕೆಯ ಷರತ್ತು ಇರಲಿಲ್ಲ, ಗುತ್ತಿಗೆದಾರ ಯಂತ್ರಗಳನ್ನು ಬೇರೆ ಕಡೆಗೆ ಸಾಗಿಸಿದ. ಆ ರಸ್ತೆ ಇನ್ನೊಂದು ಮಳೆಗಾಲವನ್ನೂ ಕೆಸರಲ್ಲೇ ಕಳೆಯಿತು.

ಮುಂದಿನ ರಸ್ತೆಗೆ ಲೆಕ್ಕವನ್ನು ಹಿಂದಿನಿಂದ ಶುರು ಮಾಡಿದೆ. ಮೇ 15ಕ್ಕೆ ಡಾಂಬರು ಮುಗಿಯಬೇಕು. ಹಾಗಾದರೆ ನವೆಂಬರ್ ಹೊತ್ತಿಗೆ ಕಾರ್ಯಾದೇಶ ಕೈಯಲ್ಲಿರಬೇಕು, ಆಗಸ್ಟ್‌ನಲ್ಲೇ ಟೆಂಡರ್ ಪ್ರಕಟವಾಗಬೇಕು, ಎಸ್ಟಿಮೇಟ್ ಅದಕ್ಕೂ ಮೊದಲು. ಹೊರಗೆ ಮಳೆ ಸುರಿಯುವಾಗ ಒಳಗೆ ಕಾಗದದ ಕೆಲಸ ಮುಗಿಸಬೇಕು.

ಎಸ್ಟಿಮೇಟ್‌ಗೆ ಮೊದಲು ಲೈನ್‌ಮ್ಯಾನ್ ಮತ್ತು ಪಂಚಾಯಿತಿಯ ನೀರುಗಂಟಿ ಇಬ್ಬರನ್ನೂ ಕರೆದುಕೊಂಡು ಇಡೀ ರಸ್ತೆ ನಡೆದೆ. ಅಗಲವಾಗುವ ಅಂಚಿಗೆ ಟೇಪ್ ಹಿಡಿದು, ಒಳಗೆ ಬರುವ ಪ್ರತಿ ಕಂಬಕ್ಕೂ ಕೆಂಪು ಬಣ್ಣದಲ್ಲಿ ನಂಬರ್ ಬರೆದೆವು. ಹಳೆಯ ನಕ್ಷೆಯಲ್ಲಿ 28 ಇದ್ದವು, ನಾವು ಬರೆದದ್ದು 43. "ಸಾರ್, ಈ ತಿರುವಲ್ಲಿ ಪೈಪು ಒಂದೇ ಅಡಿ ಕೆಳಗಿದೆ, ಜೆಸಿಬಿ ಹಾಕಿದ್ರೆ ಎರಡೂರಿಗೆ ನೀರಿಲ್ಲ" ಎಂದ ನೀರುಗಂಟಿ. ನಕ್ಷೆಯಲ್ಲಿ ಆ ಪೈಪೇ ಇರಲಿಲ್ಲ. ಅವನ ಮಾತನ್ನು ಅಲ್ಲೇ ಬರೆದುಕೊಂಡೆ. ಕಂಬ, ಪೈಪು ಎರಡಕ್ಕೂ ಸಂಬಂಧಪಟ್ಟವರಿಂದಲೇ ಅಂದಾಜು ತರಿಸಿ ಸೇರಿಸಿದೆ. ಒಟ್ಟು ಮೊತ್ತ ಹೆಚ್ಚಾಯಿತೆಂದು ಮೇಲಿನವರು ತಕರಾರು ಎತ್ತಿದರು. ನಂಬರ್ ಬರೆದ ಕಂಬಗಳ ಫೋಟೊ ತೋರಿಸಿದ ಮೇಲೆ ಸಹಿ ಬಿತ್ತು.

ಬಿಡ್ ಸಾಮರ್ಥ್ಯವನ್ನೂ, ಅಂದರೆ ಗುತ್ತಿಗೆದಾರ ಇನ್ನೆಷ್ಟು ಮೊತ್ತದ ಕೆಲಸ ಹೊರಬಲ್ಲ ಎಂಬುದನ್ನೂ, ಈ ಸಲ ಬರೀ ಕಾಗದ ನೋಡಿ ಒಪ್ಪಲಿಲ್ಲ. ಆ ಟೆಂಡರಿನಲ್ಲಿದ್ದ ಸೂತ್ರ ಸರಳ: ಎ × ಎನ್ × 1.5 − ಬಿ. 'ಎ' ಎಂದರೆ ಕಳೆದ ಐದು ವರ್ಷಗಳಲ್ಲಿ ಒಂದೇ ವರ್ಷದಲ್ಲಿ ಮಾಡಿದ ಅತಿ ಹೆಚ್ಚಿನ ಕೆಲಸ, 'ಎನ್' ಎಂದರೆ ಮುಗಿಸಬೇಕಾದ ಅವಧಿ ವರ್ಷಗಳಲ್ಲಿ, 'ಬಿ' ಎಂದರೆ ಕೈಯಲ್ಲಿ ಬಾಕಿ ಇರುವ ಕೆಲಸ. ಮೋಸ ನಡೆಯುವುದು 'ಬಿ'ಯಲ್ಲಿ. ಎಲ್ಲರಿಗಿಂತ ಕಡಿಮೆ ದರ ಹಾಕುವವರಲ್ಲಿ ಕೆಲವರು ನಾಲ್ಕು ಕೆಲಸ ಬಾಕಿ ಇಟ್ಟುಕೊಂಡು ಒಂದನ್ನೇ ತೋರಿಸುತ್ತಾರೆ. ಅಕ್ಕಪಕ್ಕದ ಉಪವಿಭಾಗಗಳಿಗೆ ಪತ್ರ ಬರೆದು ವಿಚಾರಿಸಿದೆ. ಒಬ್ಬರ ಮೂರು ಕಾಮಗಾರಿ ಹೊರಬಿದ್ದವು, ತಾಂತ್ರಿಕ ಹಂತದಲ್ಲೇ ಅವರ ಬಿಡ್ ತಿರಸ್ಕೃತವಾಯಿತು. ಮೇಲ್ಮನವಿ ಹೋದರು, ಮೂರು ವಾರ ಹೋಯಿತು. ಆ ಮೂರು ವಾರದ ಬಗ್ಗೆ ನನಗೆ ಇವತ್ತಿಗೂ ಬೇಸರವಿಲ್ಲ.

ಕಾರ್ಯಾದೇಶ ನವೆಂಬರ್ ಕೊನೆಗೆ ಹೊರಟಿತು. ಜನವರಿಯೊಳಗೆ ಕಂಬಗಳು ಹೊಸ ಜಾಗದಲ್ಲಿ ನಿಂತವು. ಕೊನೆಯ ಪದರದ ಡಾಂಬರು ಬಿದ್ದದ್ದು ಮೇ 9ಕ್ಕೆ. ಜಾಗದ ತಕರಾರಿನಿಂದ ಒಂದು ಮೋರಿಯ ರೆಕ್ಕೆಗೋಡೆ ಮಾತ್ರ ಉಳಿಯಿತು, ಅದನ್ನು ಮಳೆ ಕಳೆದು ನವೆಂಬರ್‌ನಲ್ಲಿ ಕಟ್ಟಿಸಿದೆವು.